ಮುಖ ಉಳಿದರೆ ಸಾಕೆ?

ಪಾಪುವಾ ನ್ಯೂಗಿನಿಯ ಸೆಪಿಕ್ ನದಿಯ ದಂಡೆಯಲ್ಲಿ ವಾಸಿಸುವ ಇಯಾಟ್ಮುಲ್ ಜನರು ಹಿರಿಯರ ಮುಖಗಳನ್ನು ಮರದಲ್ಲಿ ಕೆತ್ತುವುದರಲ್ಲಿ ನಿಪುಣರು. ಮುಖ ನೀಳ, ಮೂಗು ಇನ್ನೂ ನೀಳ; ಅದಕ್ಕೆ ಮಣ್ಣಿನ ಬಣ್ಣ, ನಡುನಡುವೆ ಹುದುಗಿಸಿದ ಕವಡೆ, ಚಿಪ್ಪುಗಳು. ಅದನ್ನು ಬೆತ್ತದ ಚೌಕಟ್ಟಿಗೆ ಕಟ್ಟಿ, ಎಲೆಗಳಿಂದ ಮೈಮುಚ್ಚಿಕೊಂಡು ಒಬ್ಬನು ಕುಣಿಯಲು ಬಂದನೆಂದರೆ ಊರಿನವರ ಪಾಲಿಗೆ ಅವನು ನೆರೆಮನೆಯ ತರುಣನಲ್ಲ. ಕುಲದ ಮೂಲಪುರುಷನೇ ಮರಳಿ ಬಂದಂತೆ.

ಆ ಮುಖಕ್ಕೊಂದು ಹೆಸರುಂಟು. ಹೆಸರೆಂಬುದು ಅಲ್ಲಿ ಕುಲದ ಆಸ್ತಿ. ಅದು ಯಾರಿಗೆ ಸೇರಿದ್ದೆಂದು ಕುಲಕುಲಗಳ ನಡುವೆ ದೊಡ್ಡ ವಾದಗಳೇ ನಡೆಯುತ್ತಿದ್ದವು. ಅಲ್ಲಿಯ ತಿಳಿದವನೊಬ್ಬನ ನೆನಪಿನಲ್ಲಿ 10,000ದಿಂದ 20,000ದವರೆಗೆ ಹೆಸರುಗಳಿರುತ್ತವೆಂದು ಗ್ರೆಗರಿ ಬೇಟ್ಸನ್ನರು 1936ರಲ್ಲಿ ಪ್ರಕಟವಾದ ತಮ್ಮ ‘ನಾವೆನ್’ ಗ್ರಂಥದಲ್ಲಿ ಬರೆದಿದ್ದಾರೆ.

ಇಂಥ ಎಷ್ಟೋ ಮುಖಗಳು ಕಡಲು ದಾಟಿ ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳನ್ನು ಸೇರಿವೆ. ಕೆಳಗಿನ ಚೀಟಿಯಲ್ಲಿ ಮರ, ಚಿಪ್ಪು, ಅಳತೆ, ದೊರೆತ ಸ್ಥಳ ಇವೆಲ್ಲವೂ ಇದ್ದು, ಅನೇಕ ವೇಳೆ ಹೆಸರೊಂದೇ ಇರುವುದಿಲ್ಲ. ಮುಖ ಬಂದಿತು, ಹಿರಿಯನು ಅಲ್ಲಿಯೇ ಉಳಿದನು.

ಅಗಲಿದವರನ್ನು ಹತ್ತಿರ ಇರಿಸಿಕೊಳ್ಳುವ ಈ ಹಂಬಲ ಕನ್ನಡ ನಾಡಿಗೂ ಹೊಸದಲ್ಲ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. 15ನೆಯ ಶತಮಾನದಲ್ಲಿ ನೃಸಿಂಹ ಸರಸ್ವತಿಯವರು ನೆಲೆಸಿದ್ದ ಕ್ಷೇತ್ರವದು. ಅವರು ಹೊರಟುಹೋದ ಮೇಲೆ ಭಕ್ತರ ಪಾಲಿಗೆ ನಿರ್ಗುಣ ಪಾದುಕೆಗಳು ಉಳಿದವು. ಇಂದಿಗೂ ಜನರು ದೂರದೂರದಿಂದ ಬಂದು ಗುರುವಿನ ಹೆಸರನ್ನು ಜಪಿಸುತ್ತ ಅವುಗಳಿಗೆ ತಲೆಬಾಗುತ್ತಾರೆ.

ಅದೇ ಭೀಮೆಯು ಜೇವರ್ಗಿ ಸೀಮೆಯನ್ನು ಹಾದು ಮುಂದೆ ಸನ್ನತಿಗೆ ಬರುತ್ತಾಳೆ. ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಿಂದ ಬೌದ್ಧ ಸ್ತೂಪವೊಂದು ಬೆಳಕಿಗೆ ಬಂದಿತು. ಅಲ್ಲಿಯ ಒಂದು ಕಲ್ಲಿನ ಮೇಲೆ ರಾಣಿಯೊಡನೆ ನಿಂತ ಅರಸನ ಶಿಲ್ಪವಿದೆ. ಕೆತ್ತಿದ ಶಿಲ್ಪಿಯು ಅವನನ್ನು ಕಂಡವನಲ್ಲ. ಅರಸನು ತೀರಿ ಆಗಲೇ ಎಷ್ಟೋ ತಲೆಮಾರುಗಳು ಉರುಳಿದ್ದವು. ಹೋಲಿಕೆ ಸರಿಯೆ, ತಪ್ಪೆ, ಹೇಳುವವರಿಲ್ಲ. ಆದರೆ ಜೊತೆಯಲ್ಲಿ ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಬರೆದಿದೆ. ಆ ಎರಡು ಪದಗಳಿಲ್ಲದಿದ್ದರೆ ಅಶೋಕ ಚಕ್ರವರ್ತಿಯೂ ಅಲ್ಲಿ ಯಾರೋ ಒಬ್ಬ ಅರಸನಾಗಿ ನಿಂತಿರುತ್ತಿದ್ದನು.

ಪಟ್ಟಣದ ಎಷ್ಟೋ ಮನೆಗಳ ಗೋಡೆಯ ಮೇಲೆ, ಹಳೆಯ ಟ್ರಂಕಿನ ತಳದಲ್ಲಿ, ರುಮಾಲು ಸುತ್ತಿದ ಅಜ್ಜಂದಿರ, ಸೆರಗು ಹೊದ್ದ ಅಜ್ಜಿಯರ ಭಾವಚಿತ್ರಗಳಿವೆ. “ಇವರು ಯಾರಜ್ಜಿ?” ಎಂದು ಮೊಮ್ಮಗು ಕೇಳಿದಾಗ ಉತ್ತರ ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಿತ್ರದ ಬೆನ್ನಿಗೆ ಹೆಸರು, ಊರು, ನಂಟು ಇಷ್ಟನ್ನು ಬರೆದಿಡಲು ಒಂದು ಮಧ್ಯಾಹ್ನ, ಒಂದು ಪೆನ್ಸಿಲು ಸಾಕು.