ಹಳೆಯ ನೆಲಕ್ಕೆ ಹೊಸ ಹೊದಿಕೆ

ಅಡಿಗೆಮನೆಯ ನೆಲ ಬಣ್ಣಗೆಟ್ಟಾಗ ಅದನ್ನು ಅಗೆದು ತೆಗೆಯದೆ, ಬೆನ್ನಿಗೆ ಅಂಟು ಬಳಿದ ವಿನೈಲ್ ಟೈಲುಗಳನ್ನು ಅದರ ಮೇಲೆಯೇ ಹಾಸುವ ಪದ್ಧತಿ ಈಗ ನಮ್ಮಲ್ಲಿಯೂ ಬಂದಿದೆ. ಕಾಗದವನ್ನು ಸುಲಿದು ಒತ್ತಿದರೆ ಆಯಿತು. ಗಾರೆಯವನೂ ಬೇಡ, ಧೂಳೂ ಇಲ್ಲ. ಈ ಪದ್ಧತಿಯನ್ನು ನಾನು ಹಳಿಯುವುದಿಲ್ಲ. ಆದರೆ ಮುಚ್ಚಿದ ಮಾತ್ರಕ್ಕೆ ನೆಲ ದುರಸ್ತಿಯಾಯಿತೆಂದು ತಿಳಿಯುವುದು ತಪ್ಪು.

ಅಂಟು ಅಂಟುವುದು ಹೇಗೆ? ಇಂತಹ ಟೈಲಿನ ಅಂಟು ಒಣಗಿ ಗಟ್ಟಿಯಾಗುವಂತಹುದಲ್ಲ. ಬಹು ನಿಧಾನವಾಗಿ ಹರಿಯುವ ಮೆತ್ತನೆಯ ವಸ್ತು. ಒತ್ತಿದಾಗ ಅದು ನೆಲದ ಸೂಕ್ಷ್ಮವಾದ ತಗ್ಗುಗಳೊಳಗೆ ಸೇರಿ, ಅಲ್ಲಿಯ ಅಣುಗಳಿಗೆ ಅತಿ ಸಮೀಪವಾಗುತ್ತದೆ. ಆಗ ಅಣುಗಳ ನಡುವಣ ಆಕರ್ಷಣೆ ಅದನ್ನು ಹಿಡಿದಿಡುತ್ತದೆ. 1910ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಡಚ್ ವಿಜ್ಞಾನಿ ವಾನ್ ಡರ್ ವಾಲ್ಸ್‌ನ ಹೆಸರನ್ನು ಹೊತ್ತ ಈ ಬಲ, ಕೆಲವೇ ನ್ಯಾನೊಮೀಟರುಗಳಾಚೆಗೆ ನಿಶ್ಶಕ್ತವಾಗುತ್ತದೆ. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲೇ ನ್ಯಾನೊಮೀಟರ್. ಒಗ್ಗರಣೆಯ ಹೊಗೆಯಿಂದ ವರ್ಷಗಟ್ಟಲೆ ಕೂತ ಜಿಡ್ಡು ಇದಕ್ಕಿಂತ ಎಷ್ಟೋ ಪಾಲು ದಪ್ಪ. ತೊಳೆಯದೆ ಅಂಟಿಸಿದವನು ಟೈಲನ್ನು ಅಂಟಿಸಿದ್ದು ಜಿಡ್ಡಿಗೇ ಹೊರತು ನೆಲಕ್ಕಲ್ಲ.

ಜಿಡ್ಡನ್ನು ಸಾಬೂನಿನ ನೀರಿನಿಂದ ಕಳೆಯಬಹುದು. ತೇವದ ವಿಚಾರ ಅಷ್ಟು ಸುಲಭವಲ್ಲ. ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್ ಬೆರೆಸಿದ ಸಿಮೆಂಟಿನ ಕೆಂಪು ನೆಲದಡಿಯಲ್ಲಿ ತೇವವನ್ನು ತಡೆಯುವ ಪದರ ಬಹುಮಟ್ಟಿಗೆ ಇರುವುದಿಲ್ಲ. ಮಣ್ಣಿನ ನೀರು, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಸಿಮೆಂಟಿನ ಸೂಕ್ಷ್ಮರಂಧ್ರಗಳಲ್ಲಿ ಮೇಲೇರಿ ಗಾಳಿಗೆ ಆರಿಹೋಗುತ್ತಿರುತ್ತದೆ. ನೆಲ ಒಣಗಿರುವಂತೆ ತೋರುವುದು ಇದರಿಂದಲೇ. ವಿನೈಲ್ ಹಾಸಿದೊಡನೆ ಆ ದಾರಿ ಮುಚ್ಚಿಹೋಗಿ, ಸಿಮೆಂಟಿನ ಕ್ಷಾರ ಬೆರೆತ ನೀರು ಅಡಿಯಲ್ಲೇ ನಿಂತು ಅಂಟನ್ನು ಕೆಡಿಸುತ್ತದೆ. ಕ್ರಮೇಣ ಟೈಲಿನ ಅಂಚು ಮೇಲೇಳುತ್ತದೆ. ಕುದಿಯುವ ಸಾರಿನ ಪಾತ್ರೆಯನ್ನು ಹಿಡಿದು ಬರುವ ತಾಯಿಯೋ ಅಜ್ಜಿಯೋ ಎಡವುವುದು ಆ ಅಂಚನ್ನೇ.

ಇದನ್ನು ಮೊದಲೇ ತಿಳಿಯಲು ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದುಂಟು. ಸುಮಾರು ಒಂದೂವರೆ ಅಡಿ ಚೌಕದ ಪಾಲಿಥೀನ್ ಹಾಳೆಯನ್ನು ಒರಸಿ ಒಣಗಿಸಿದ ನೆಲದ ಮೇಲೆ ಹರಡಿ, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಬಿಗಿದು, 24 ಗಂಟೆಗಳ ಕಾಲ ಬಿಡಿರಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳು ಕಂಡರೆ, ಇಲ್ಲವೆ ಅದರಡಿಯ ನೆಲ ಕಪ್ಪಾಗಿದ್ದರೆ, ಟೈಲು ಕೊಳ್ಳುವ ಯೋಚನೆಯನ್ನು ಮುಂದಕ್ಕೆ ಹಾಕಬೇಕು. ಬೇಸಿಗೆಯಲ್ಲಿ ತೇರ್ಗಡೆಯಾದ ನೆಲ ಮಳೆಗಾಲದಲ್ಲಿ ಅನುತ್ತೀರ್ಣವಾಗಬಹುದು. ಆದುದರಿಂದ ಆಷಾಢ ಶ್ರಾವಣಗಳಲ್ಲಿ ಮತ್ತೊಮ್ಮೆ ನೋಡುವುದು ಲೇಸು.

ಅಗ್ಗದ ಟೈಲಿಗೆ ಇಷ್ಟೆಲ್ಲ ಪರೀಕ್ಷೆಯೇಕೆಂದು ಕೆಲವರು ಕೇಳಿಯಾರು. ಟೈಲು ಅಗ್ಗವೇ ಸರಿ. ಅದರಡಿಯ ನೆಲ ಅಗ್ಗವಲ್ಲ. ಕೆಟ್ಟ ಟೈಲನ್ನು ಕಿತ್ತ ಮೇಲೆ ಉಳಿಯುವ ಅಂಟನ್ನು ಕೆರೆದು ತೆಗೆಯುವಾಗ, ಹಲವು ವರ್ಷಗಳ ಬಳಕೆಯಿಂದ ನುಣುಪಾದ ನೆಲದ ಮೆರುಗೂ ಹೋಗುತ್ತದೆ. ಸೋರುವ ಕೊಳಾಯಿಯನ್ನು ಸರಿಪಡಿಸಿ, ಬಿರುಕನ್ನು ತುಂಬಿ, ಜಿಡ್ಡನ್ನು ತೊಳೆದು, ತೇವವಿಲ್ಲವೆಂದು ಕಂಡುಕೊಂಡ ಮೇಲೆ ಬೇಕಾದರೆ ಹಾಸಿರಿ. ಅಷ್ಟೆಲ್ಲ ಮಾಡಿ ಮುಗಿಸುವ ಹೊತ್ತಿಗೆ, ಹಳೆಯ ನೆಲವೇ ಸಾಕೆಂದು ಅನೇಕರಿಗೆ ತೋರಿದರೂ ಆಶ್ಚರ್ಯವಿಲ್ಲ.