ದೊರೆಸಾನಿ ಗೊಂಬೆಯ ತಳದಲ್ಲಿ ಏನಿದೆ?

ಈಗ ಯಾವ ಆಫೀಸಿನ ಲಿಫ್ಟ್ ಹತ್ತಿದರೂ ಯಾರದೋ ಬ್ಯಾಗಿನಲ್ಲಿ ಒಂದು ಲಬೂಬು ನೇತಾಡುತ್ತಿರುತ್ತೆ. ಹಲ್ಲು ಕಿರಿಯುವ ಆ ಗೊಂಬೆಗೆ ಸಾವಿರಾರು ರೂಪಾಯಿ ಸುರಿಯೋದು ಕಂಡು ಮನೆಯ ಹಿರಿಯರು ಹಣೆ ಚಚ್ಚಿಕೊಳ್ಳುತ್ತಾರೆ. ಆದರೆ ಅದೇ ಹಿರಿಯರ ಮನೆಯ ಶೋಕೇಸ್ ನೆನಪಿಸಿಕೊಳ್ಳಿ. ಗಾಜಿನ ಬಾಗಿಲು, ಒಳಗೆ ಪ್ಲಾಸ್ಟಿಕ್ ತಾಜ್ ಮಹಲ್, ಚನ್ನಪಟ್ಟಣದ ತಲೆಯಾಡಿಸುವ ದಂಪತಿ, ಸ್ಕೂಲಿನಲ್ಲಿ ಗೆದ್ದ ಕಪ್ಪು, ಜೊತೆಗೆ ಯಾರೋ ಫಾರಿನ್ನಿಂದ ತಂದ ಒಂದು ಪಿಂಗಾಣಿ ಗೊಂಬೆ. ಮುಟ್ಟಿದರೆ ಬೈಗುಳ. ಗೊಂಬೆ ಕೂಡಿಡುವ ಹುಚ್ಚು ನಮ್ಮ ಕಾಲದಲ್ಲಿ ಹುಟ್ಟಿದ್ದೇನೂ ಅಲ್ಲ.

ಹೋದ ವರ್ಷ ನಮ್ಮತ್ತೆ ಯಶವಂತಪುರದ ಮನೆ ಖಾಲಿ ಮಾಡಿ, ರಾಜಾನುಕುಂಟೆಯಲ್ಲಿರುವ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬಂದರು. ಸೀರೆಗಳು ಒಂದು ಸೂಟ್‌ಕೇಸಿಗೆ ಮುಗಿದವು, ಗೊಂಬೆಗಳು ಮಾತ್ರ ಎರಡು ಟ್ರಂಕು. ನಮ್ಮಲ್ಲಿ ಇರೋದು ಟಿವಿ ಕೆಳಗಿನ ಒಂದು ಗೂಡು. ಒಂದು ಟ್ರಂಕು ಹೋಗಲೇಬೇಕಿತ್ತು. ಯಾವುದು ಅನ್ನೋದೇ ಪ್ರಶ್ನೆ.

ಪಟ್ಟದ ಗೊಂಬೆಗಳ ಬಗ್ಗೆ ಚರ್ಚೆಯೇ ಇಲ್ಲ, ಅವು ಮದುವೆಯಲ್ಲಿ ತವರಿನಿಂದ ಬಂದವು. ಶೆಟ್ಟಿ-ಶೆಟ್ಟಮ್ಮ, ದಶಾವತಾರದ ಸೆಟ್ಟೂ ಉಳಿದವು. ಕೊನೆಗೆ ಹಳೇ ರವಿಕೆ ಬಟ್ಟೆಯಲ್ಲಿ ಸುತ್ತಿದ್ದ ಎರಡು ವಸ್ತು ಸಿಕ್ಕವು. ಒಂದು, ನೆರಿಗೆ ಗೌನು ಹಾಕಿ ಕೈಯಲ್ಲಿ ಹೂಬುಟ್ಟಿ ಹಿಡಿದ ಬಿಳಿ ಹೆಂಗಸು. ಮನೆಯ ಮಕ್ಕಳೆಲ್ಲ ಅವಳನ್ನು ಕರೆಯೋದೇ ದೊರೆಸಾನಿ ಅಂತ. ಇನ್ನೊಂದು, ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳ ತುದಿಗೆ ಹಾಕುವ ಪುಟ್ಟ ಟೋಪಿ. ಅದೂ ಪಿಂಗಾಣಿಯದೇ, ಮೇಲೊಂದು ಗುಲಾಬಿ ಹೂ. ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದ ಅತ್ತೆಯ ಅಣ್ಣ 1981ರಲ್ಲಿ ತಂದುಕೊಟ್ಟದ್ದು. ಅವರು ತೀರಿಕೊಂಡು ಎರಡು ವರ್ಷವಾಯಿತು.

"ಫಾರಿನ್ ಮಾಲು, ಆನ್‌ಲೈನಲ್ಲಿ ಹಾಕಿ, ಒಳ್ಳೇ ರೇಟು ಬರುತ್ತೆ" ಅಂದರು ನೆಂಟರೊಬ್ಬರು. ಸರಿ, ನೋಡೋಣ ಅಂತ ದೊರೆಸಾನಿಯನ್ನು ಬೋರಲು ಮಾಡಿದೆ. ತಳದಲ್ಲಿ ಯಾವುದೋ ಸಣ್ಣ ಕಾರ್ಖಾನೆಯ ಮುದ್ರೆ, ಅದರ ಕೆಳಗೆ 'ಬೋನ್ ಚೈನಾ, ಮೇಡ್ ಇನ್ ಇಂಗ್ಲೆಂಡ್'. ಪಕ್ಕದಲ್ಲಿ ಕುಂಚದಿಂದ ಬರೆದ ಎರಡು ಅಕ್ಷರ, ಬಣ್ಣ ಹಚ್ಚಿದವರ ಇನಿಷಿಯಲ್. ಅಲ್ಲಿಂದ ನನ್ನ ಓದು ಶುರುವಾಯಿತು.

ಇಂಗ್ಲೆಂಡಿನ ಪಿಂಗಾಣಿ ಊರು ಸ್ಟೋಕ್-ಆನ್-ಟ್ರೆಂಟ್. ಆರು ಪಟ್ಟಣ ಸೇರಿ ಆದ ಊರದು. ಒಂದು ಕಾಲಕ್ಕೆ ಬಾಟಲಿ ಆಕಾರದ ಆವಿಗೆಗಳು ಅಲ್ಲಿ ಸುಮಾರು 2,000 ಇದ್ದವಂತೆ. ಇವತ್ತು ನಿಂತಿರೋದು 50ಕ್ಕೂ ಕಡಿಮೆ. 18ನೇ ಶತಮಾನದ ಕೊನೆಗೆ ಅಲ್ಲಿನ ಜೋಸಯ್ಯ ಸ್ಪೋಡ್ ಬೋನ್ ಚೈನಾದ ಹದವನ್ನು ಪಳಗಿಸಿದ. ಆ ಹದದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ದನದ ಮೂಳೆ ಸುಟ್ಟ ಬೂದಿ. ಉಳಿದರ್ಧ ಬಿಳಿ ಜೇಡಿಮಣ್ಣು ಮತ್ತು ಕಾರ್ನ್‌ವಾಲ್‌ನ ಕಲ್ಲಿನ ಪುಡಿ. ಅದಕ್ಕೇ ಅಷ್ಟು ಬಿಳುಪು. ಬೆಳಕಿಗೆ ಹಿಡಿದರೆ ಆಚೆ ಇರುವ ಬೆರಳಿನ ನೆರಳು ಕಾಣುತ್ತೆ.

ಗೊಂಬೆ ಮಾಡುವ ಕ್ರಮ ಇನ್ನೂ ಸೊಗಸು. ಮಣ್ಣನ್ನು ಕೆನೆಯ ಹಾಗೆ ಕದಡಿ ಪ್ಲಾಸ್ಟರ್ ಅಚ್ಚಿಗೆ ಸುರಿಯುತ್ತಾರೆ. ಪ್ಲಾಸ್ಟರ್ ನೀರು ಹೀರಿಕೊಂಡಂತೆ ಅಂಚಿಗೆ ತೆಳ್ಳಗೆ ಮಣ್ಣಿನ ಪದರ ಕಟ್ಟುತ್ತೆ. ಮಿಕ್ಕ ಕೆನೆ ಬಗ್ಗಿಸಿದರೆ ಒಳಗೆ ಟೊಳ್ಳು. ತಲೆ, ತೋಳು, ಗೌನು, ಬುಟ್ಟಿ ಎಲ್ಲಕ್ಕೂ ಬೇರೆಬೇರೆ ಅಚ್ಚು. ಆಮೇಲೆ ಅದೇ ಕೆನೆಯನ್ನು ಅಂಟಿನಂತೆ ಹಚ್ಚಿ ಜೋಡಿಸೋದು. ತಳದಲ್ಲಿ ಒಂದು ಸಣ್ಣ ತೂತು ಇರಲೇಬೇಕು, ಇಲ್ಲದಿದ್ದರೆ ಸುಡುವಾಗ ಒಳಗಿನ ಗಾಳಿ ಹಿಗ್ಗಿ ಗೊಂಬೆ ಒಡೆಯುತ್ತೆ. ಮೊದಲ ಬೆಂಕಿಯೇ ಸುಮಾರು 1,250 ಡಿಗ್ರಿ. ಅದರಲ್ಲಿ ಗೊಂಬೆ ಸುಮಾರು ಎಂಟರಲ್ಲಿ ಒಂದು ಭಾಗ ಕುಗ್ಗುತ್ತೆ. ಆಮೇಲೆ ಮೆರುಗು ಹಚ್ಚಿ ಇನ್ನೊಂದು ಸಲ, ಬಣ್ಣ ಹಚ್ಚಿ ಮತ್ತೊಂದು ಸಲ ಬೆಂಕಿ. ಬುಟ್ಟಿಯ ಹೂವಿನ ಎಸಳುಗಳನ್ನು ಕೈಯಲ್ಲೇ ಒಂದೊಂದಾಗಿ ಒತ್ತಿ ಕೂರಿಸುತ್ತಾರೆ.

ಅಚ್ಚಿಗೂ ಆಯುಸ್ಸು ಇದೆ. ಬಳಸಿದಷ್ಟೂ ಸವೆದು ಮೂಗು-ಬಾಯಿ ಮಸುಕಾಗುತ್ತೆ. 'ಲಿಮಿಟೆಡ್ ಎಡಿಷನ್' ಅನ್ನೋ ಮಾತಿನ ಹಿಂದೆ ಇಂಥ ಕಾರಣವೂ ಇದೆ, ವ್ಯಾಪಾರದ ಜಾಣತನವೂ ಇದೆ. ಬೆರಳುಟೋಪಿಯದು ಪೂರ್ತಿ ಜಾಣತನವೇ. ಪಿಂಗಾಣಿಯದನ್ನು ಹಾಕಿಕೊಂಡು ಯಾರೂ ದಿನಾ ಹೊಲಿಯಲ್ಲ. ಆದರೆ ಪುಟ್ಟದು, ಅಗ್ಗ, ಪೋಸ್ಟಲ್ಲಿ ಕಳಿಸಬಹುದು. 1981ರಲ್ಲಿ ಚಾರ್ಲ್ಸ್-ಡಯಾನಾ ಮದುವೆ ನೆನಪಿಗೂ ಇಂಥವು ಬಂದವು.

ಆ ಊರಿನ ಕಥೆ ಸುಖವಾಗೇನೂ ಮುಗಿದಿಲ್ಲ. 2008ರಲ್ಲಿ ಸ್ಪೋಡ್, 2009ರಲ್ಲಿ ವೆಜ್‌ವುಡ್‌ನ ಕಂಪನಿ, ಎರಡೂ ದಿವಾಳಿಯ ಬಾಗಿಲು ತಟ್ಟಿದವು. ಕೆಲಸದ ದೊಡ್ಡ ಪಾಲು ಏಷ್ಯಾಕ್ಕೆ ಹೋಯಿತು. ಉಳಿದ ಸಣ್ಣ ಕಾರ್ಖಾನೆಗಳು ಕೈಕೆಲಸ ಕಲಿತ ಕೆಲವೇ ಜನರ ಮೇಲೆ ನಡೀತಿವೆ.

ನಮ್ಮೂರಲ್ಲೂ ಪಿಂಗಾಣಿ ಇತ್ತು, ಗೊತ್ತಾ? ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1930ರ ದಶಕದಲ್ಲಿ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ತೆರೆಯಿತು. ಟಾಟಾ ಇನ್‌ಸ್ಟಿಟ್ಯೂಟ್ ಎದುರಿಗಿದ್ದ ಆ ಕಾರ್ಖಾನೆಯನ್ನು 1976ರಲ್ಲಿ ಬಿಎಚ್ಇಎಲ್ ವಹಿಸಿಕೊಂಡಿತು. ಅಲ್ಲಿ ದೊರೆಸಾನಿಯರು ಹುಟ್ಟಲಿಲ್ಲ, ಕರೆಂಟ್ ತಂತಿ ಹಿಡಿಯುವ ಇನ್ಸುಲೇಟರ್‌ಗಳು ಹುಟ್ಟಿದವು. ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ತಂದ ನಾಡಿಗೆ ಬೇಕಿದ್ದದ್ದು ಅದೇ. ಅದೇ ಬಿಳಿ ಮಣ್ಣಿನ ಜಾತಿ, ಅದೇ ಬೆಂಕಿ. ನಮ್ಮ ಗೊಂಬೆಗಳ ಕೆಲಸ ಬೇರೆ ಕಡೆ ನಡೆಯಿತು: ಚನ್ನಪಟ್ಟಣದ ಚರಕಿಯಲ್ಲಿ, ಕೊಪ್ಪಳದ ಕಿನ್ನಾಳದ ಚಿತ್ರಗಾರರ ಮನೆಗಳಲ್ಲಿ, ಇಲ್ಲೇ ಪಾಟರಿ ಟೌನಿನ ಕುಂಬಾರರ ಗೂಡುಗಳಲ್ಲಿ.

ರೇಟು? ಹಳೇ ಮಾಲಿನ ಸೈಟುಗಳಲ್ಲಿ ದೊರೆಸಾನಿಯಂಥವರು ಸಾಲುಗಟ್ಟಿ ನಿಂತಿದ್ದಾರೆ, ಕೊಳ್ಳುವವರು ಕಡಿಮೆ. ಬೆರಳುಟೋಪಿಗಳನ್ನಂತೂ ಡಜನ್‌ಗಟ್ಟಲೆ ಒಟ್ಟಿಗೆ ಮಾರುತ್ತಾರೆ. ಕೊರಿಯರ್ ಖರ್ಚೂ ಹುಟ್ಟಲ್ಲ. ಮುಂದೆ ಬೆಲೆ ಏರುತ್ತೆ ಅಂತ ಗೊಂಬೆ ಕೊಳ್ಳುವ ಗೆಳೆಯರಿಗೆ ಇದನ್ನು ಸುಮ್ಮನೆ ಹೇಳಿಡುತ್ತೇನೆ.

ಇದನ್ನೆಲ್ಲ ಅತ್ತೆಗೆ ಓದಿ ಹೇಳುತ್ತಿದ್ದೆ. ಮೂಳೆ ಬೂದಿಯ ಜಾಗಕ್ಕೆ ಬಂದಾಗ ಅವರ ಮುಖ ಬಿಳಿಚಿತು. "ಮೂಳೆನಾ? ನಲವತ್ತು ವರ್ಷ ದಸರಾದಲ್ಲಿ ದೇವರ ಪಕ್ಕ ಕೂರಿಸಿದ್ದೀನಲ್ಲೇ!" ಆ ದಿನವೆಲ್ಲ ಮಾತಿಲ್ಲ. ಬಿಸಾಕಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಧೈರ್ಯವಿಲ್ಲ. ಇದನ್ನು ಓದಿ ನಗಬೇಡಿ. ಅಣ್ಣ ಕೊಟ್ಟದ್ದು ಒಂದು ಕಡೆ, ಬದುಕಿಡೀ ನಡೆಸಿಕೊಂಡು ಬಂದ ಮಡಿ ಇನ್ನೊಂದು ಕಡೆ. ನನ್ನ ಗಂಡ ಏನೋ ಸಮಾಧಾನ ಹೇಳಲು ಹೋದರು, ನಾನೇ ಬೇಡ ಅಂದೆ. ಅದು ಅವರೇ ತೀರ್ಮಾನಿಸಬೇಕಾದ ವಿಷಯ.

ಮಾರನೇ ದಿನ ಬೆಳಿಗ್ಗೆ ಕಾಫಿ ಕುಡೀತಾ ಅಂದರು, "ಎಷ್ಟು ಡಿಗ್ರಿ ಅಂದೆ ನೀನು?"

"ಸಾವಿರದ ಇನ್ನೂರೈವತ್ತು, ಅತ್ತೆ."

"ಅಷ್ಟು ಬೆಂಕಿ ಹಾದು ಬಂದದ್ದಕ್ಕೆ ಮೈಲಿಗೆ ಎಲ್ಲಿರುತ್ತೆ ಬಿಡು. ಆದರೂ ಮೆಟ್ಟಿಲ ಮೇಲೆ ಬೇಡ."

ಈ ದಸರಾಕ್ಕೆ ದೊರೆಸಾನಿ ಮೆಟ್ಟಿಲ ಕೆಳಗಿನ ಪಾರ್ಕಿನಲ್ಲಿ, ರಾಗಿ ಪೈರಿನ ಹುಲ್ಲುಹಾಸಿನ ಮೇಲೆ ನಿಂತಳು. ಬುಟ್ಟಿ ಹಿಡಿದವಳಿಗೆ ತೋಟವೇ ಸರಿ ಅಂತ ಅತ್ತೆಯ ವಾದ. ವರ್ಷಗಟ್ಟಲೆ ಬೀದಿಯವರ ರವಿಕೆ ಹೊಲಿದು ಮಕ್ಕಳನ್ನು ಓದಿಸಿದವರು ಅವರು. ಬೆರಳುಟೋಪಿ ಯಾಕೆ ಒಮ್ಮೆಯೂ ಬಳಸಲಿಲ್ಲ ಅಂತ ಕೇಳಿದೆ. "ಅಣ್ಣ ತಂದಿದ್ದು ನಾನು ಹೊಲೀಲಿ ಅಂತಲ್ಲ ಕಣೇ. ಹೊಲಿಯೋದು ಅವನಿಗೆ ಗೊತ್ತಿತ್ತು ಅಂತ ತೋರಿಸೋಕೆ" ಅಂದರು.

ನಿಮ್ಮ ಮನೆಯಲ್ಲೂ ಶೋಕೇಸ್ ಒಡೆಯುವ ದಿನ ಬರುತ್ತೆ. ಇಂಟೀರಿಯರ್‌ನವರು ಬರುವ ಮುಂಚೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಒಂದೊಂದನ್ನೂ ಬೋರಲು ಮಾಡಿ ಮುದ್ರೆಯ ಫೋಟೊ ತೆಗೆಯಿರಿ. ಯಾರು ಕೊಟ್ಟರು, ಯಾವಾಗ, ಯಾಕೆ ಅಂತ ಕೇಳಿ ಚೀಟಿಯಲ್ಲಿ ಬರೆದು ಜೊತೆಗಿಡಿ. ಪಿಂಗಾಣಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಮೆತ್ತನೆ ಬ್ರಷ್‌ನಿಂದ ತೊಳೆದರೆ ಸಾಕು, ಡಿಶ್‌ವಾಷರ್‌ಗೆ ಹಾಕಬೇಡಿ. ಆಮೇಲೆ ಯಾವುದು ಇರಲಿ, ಯಾವುದು ಹೋಗಲಿ ಅಂತ ಅವರನ್ನೇ ಕೇಳಿ. ನಮ್ಮ ಮನೆಯಿಂದ ಕೊನೆಗೆ ಹೋದದ್ದು ಅರ್ಧ ಟ್ರಂಕು ಮಾತ್ರ. ಮಿಕ್ಕ ಅರ್ಧ ಈಗ ನನ್ನ ಮಂಚದ ಕೆಳಗಿದೆ.