ಕೊಂಡ ಮೊಬೈಲು ಯಾರದು?

ಐದು ವರ್ಷ ಹಳೆಯದಾದ ನನ್ನ ಮೊಬೈಲಿನ ಪರದೆಯ ಮೇಲೆ ಒಂದು ಗೀರೂ ಇಲ್ಲ. ಬ್ಯಾಟರಿ ಈಗಲೂ ಸಂಜೆಯವರೆಗೆ ಬರುತ್ತದೆ. ಆದರೂ ತಯಾರಕರ ಲೆಕ್ಕದಲ್ಲಿ ಅದರ ಆಯುಷ್ಯ ಎರಡು ವರ್ಷಗಳ ಹಿಂದೆಯೇ ಮುಗಿದಿದೆ. ಭದ್ರತಾ ಪರಿಷ್ಕರಣೆಗಳು ನಿಂತಿವೆ. ವಿಚಾರಿಸಿದರೆ, ಹೊಸದನ್ನು ಕೊಳ್ಳಿ ಎಂಬ ಉತ್ತರ. ಅದನ್ನು ಒಪ್ಪಲಾಗದೆ, ಕಳೆದ ತಿಂಗಳು ಅದರ ತಂತ್ರಾಂಶವನ್ನು ಮೂಲ ಸಂಕೇತದಿಂದ ನಾನೇ ಮನೆಯ ಕಂಪ್ಯೂಟರಿನಲ್ಲಿ ಸಿದ್ಧಪಡಿಸಲು ಕುಳಿತೆ.

ಆಂಡ್ರಾಯ್ಡ್‌ನ ಮೂಲ ಸಂಕೇತ 2008ರಿಂದ ಸಾರ್ವಜನಿಕವಾಗಿ ದೊರೆಯುತ್ತಿರುವುದರಿಂದಲೇ ಇದು ಸಾಧ್ಯ. ಅದರ ತಳಹದಿಯಾದ ಲಿನಕ್ಸ್ ಕರ್ನಲ್ ಜಿಪಿಎಲ್ ಪರವಾನಗಿಗೆ ಒಳಪಟ್ಟಿದೆ. ಅದನ್ನು ಮಾರ್ಪಡಿಸಿ ಮಾರುವವರು ಸಂಕೇತವನ್ನೂ ಒದಗಿಸಬೇಕು. 2009ರಲ್ಲಿ ಆರಂಭವಾದ ಸಯನೋಜೆನ್‌ಮಾಡ್ 2016ರಲ್ಲಿ ಮುಚ್ಚಿದಾಗ, ಸ್ವಯಂಸೇವಕರು ಅದೇ ಸಂಕೇತವನ್ನು ಕೈಗೆತ್ತಿಕೊಂಡು ಲೀನಿಯೇಜ್ ಓಎಸ್ ಹೆಸರಿನಲ್ಲಿ ಮುಂದುವರಿಸಿದರು. ತಯಾರಕರು ಕೈಬಿಟ್ಟ ಎಷ್ಟೋ ಮೊಬೈಲುಗಳು ಇಂದು ಬದುಕಿರುವುದು ಇಂಥವರಿಂದ.

ಕೆಲಸ ಸುಲಭವಲ್ಲ. ಆಂಡ್ರಾಯ್ಡ್ ಕಟ್ಟಲು 400 ಜಿಬಿ ಖಾಲಿ ಜಾಗ, 64 ಜಿಬಿ ರ‍್ಯಾಮ್ ಬೇಕೆನ್ನುತ್ತದೆ ಗೂಗಲ್. ಅದರ ಅರ್ಧದಷ್ಟೇ ರ‍್ಯಾಮ್ ಇರುವ ನನ್ನ ಕಂಪ್ಯೂಟರು ಎರಡು ಬಾರಿ ನಡುರಾತ್ರಿಯಲ್ಲಿ ಕೈಚೆಲ್ಲಿತು. ಏಕಕಾಲದಲ್ಲಿ ನಡೆಯುವ ಕೆಲಸಗಳನ್ನು ಕಡಿಮೆ ಮಾಡಿದ ಮೇಲೆ ಮೂರನೆಯ ಯತ್ನ ಫಲಿಸಿತು.

ನಿಜವಾದ ಅಡೆತಡೆ ಬೇರೆಯೇ ಇದೆ. ಕ್ಯಾಮೆರಾ, ಮೋಡೆಮ್‌ಗಳ ತಂತ್ರಾಂಶ ಮುಚ್ಚಿದ ಪೆಟ್ಟಿಗೆ. ಬೂಟ್‌ಲೋಡರ್ ಬೀಗದ ಕೀಲಿ ಎಷ್ಟೋ ಮಾದರಿಗಳಲ್ಲಿ ಮಾಲೀಕನಿಗೆ ಸಿಗುವುದೇ ಇಲ್ಲ. ಅದೃಷ್ಟಕ್ಕೆ ನನ್ನದು ತೆರೆಯಿತು. ಆದರೆ ಎರಡು ವರ್ಷ ಪರಿಷ್ಕರಣೆ ಕಾಣದ ಮೊಬೈಲನ್ನು ನಂಬುತ್ತಿದ್ದ ಬ್ಯಾಂಕಿನ ಆ್ಯಪ್, ಈ ತಿಂಗಳ ಪರಿಷ್ಕರಣೆ ಇರುವ ಅದೇ ಮೊಬೈಲನ್ನು ಅಸುರಕ್ಷಿತವೆಂದು ತಿರಸ್ಕರಿಸಿತು!

ಬೀಗವಿರುವುದು ಭದ್ರತೆಗಾಗಿ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಕದ್ದ ಮೊಬೈಲು ಸುಲಭವಾಗಿ ತೆರೆಯಬಾರದು. ಬೀಗ ತೆರೆದಾಗ ಒಳಗಿನ ಮಾಹಿತಿ ಅಳಿಯಲೇಬೇಕು. ಆದರೆ ಮನೆಗೆ ಬೀಗ ಬೇಕೆಂದ ಮಾತ್ರಕ್ಕೆ ಕೀಲಿ ಕಟ್ಟಿದವನ ಬಳಿಯೇ ಇರಬೇಕೇ?

ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮವು, ಒಂದು ಮಾದರಿ ಮಾರುಕಟ್ಟೆಗೆ ಬರುವುದು ನಿಂತ ಮೇಲೂ ಕನಿಷ್ಠ 5 ವರ್ಷ ತಂತ್ರಾಂಶ ಪರಿಷ್ಕರಣೆ ದೊರೆಯಬೇಕೆನ್ನುತ್ತದೆ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ಆರಂಭಿಸಿತು. ಬಿಡಿಭಾಗ, ವಾರಂಟಿಗಳ ಮಾಹಿತಿ ಸ್ವಾಗತಾರ್ಹವೇ. ಆದರೆ ಮೊಬೈಲಿನ ಮಟ್ಟಿಗೆ ತಂತ್ರಾಂಶವೂ ಒಂದು ಬಿಡಿಭಾಗ. ಪರಿಷ್ಕರಣೆ ನಿಲ್ಲಿಸಿದ ದಿನವೇ ಬೀಗದ ಕೀಲಿಯನ್ನು ಮಾಲೀಕನಿಗೆ ಒಪ್ಪಿಸಬೇಕೆಂಬ ನಿಯಮ ನಮ್ಮಲ್ಲಿ ಬರಬೇಕು.

ಎಲ್ಲರೂ ತಂತ್ರಾಂಶ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಎಲ್ಲರೂ ಬಡಗಿಗಳಾಗುವುದಿಲ್ಲ. ಆದರೆ ಕಾಲು ಮುರಿದ ಕುರ್ಚಿಗೆ ಬಡಗಿಯನ್ನು ಕರೆಯಲು ಅದನ್ನು ಮಾರಿದವನ ಅಪ್ಪಣೆ ಯಾರೂ ಕೇಳುವುದಿಲ್ಲ.